ಎಲ್ಬೆಯ ದೋಣಿ, ತಿರುವಾಂಕೂರಿನ ಸೀನರಿ

ಶಾಲೆಯ ಮಕ್ಕಳಿಗೆ ಕಾಗದ, ಬಣ್ಣ ಕೊಟ್ಟು ಒಂದು ಸೀನರಿ ಬಿಡಿಸಿ ಎಂದರೆ ಯಾರೂ ‘ಯಾವ ಸೀನರಿ?’ ಎಂದು ಕೇಳುವುದಿಲ್ಲ. ಎರಡು ತ್ರಿಕೋನ ಗುಡ್ಡ, ನಡುವೆ ಅರ್ಧ ಸೂರ್ಯ, ಅಲ್ಲಿಂದ ಇಳಿದು ಬರುವ ಹೊಳೆ, ದಡದಲ್ಲಿ ಇಳಿಜಾರು ಮಾಡಿನ ಕೆಂಪು ಮನೆ, ಪಕ್ಕದಲ್ಲೊಂದು ತೆಂಗಿನ ಮರ, ಮೇಲೆ ನಾಲ್ಕು ಗೀಟಿನ ಹಕ್ಕಿಗಳು. ಮಲೆನಾಡಿನ ಹುಡುಗಿ ಬಿಡಿಸುವುದೂ ಇದನ್ನೇ. ಗುಡ್ಡವಾಗಲಿ ತೆಂಗಾಗಲಿ ಕಣ್ಣಿಗೆ ಬೀಳದ, ಮಾಳಿಗೆ ಮನೆಗಳ ವಿಜಯಪುರದ ಕಡೆಯ ಹುಡುಗ ಬಿಡಿಸುವುದೂ ಇದನ್ನೇ. ಈ ಊರಿನಲ್ಲಿ ಸಾಮಾನ್ಯವಾಗಿ ಮನುಷ್ಯರು ಇರುವುದಿಲ್ಲ. ಇದ್ದರೆ ಒಂದು ದೋಣಿ, ಅದರಲ್ಲೊಬ್ಬ ಕಡ್ಡಿಯಂಥ ಅಂಬಿಗ.

ಈ ಚಿತ್ರಕ್ಕೆ ಒಬ್ಬನೇ ಅಪ್ಪ ಇಲ್ಲ. ಡ್ರಾಯಿಂಗ್ ಮೇಷ್ಟ್ರುಗಳು, ಕ್ಯಾಲೆಂಡರು, ಫೋಟೋ ಸ್ಟುಡಿಯೋದ ಪರದೆ, ನಾಟಕ ಕಂಪನಿಯ ಪರದೆ ಎಲ್ಲ ಸೇರಿ ಇದನ್ನು ಸಾಕಿವೆ. ಆದರೆ ಅದು ನಮ್ಮ ಗೋಡೆಗಳಿಗೆ ಬಂದ ದಾರಿಗಳಲ್ಲಿ ಒಂದು ಜರ್ಮನಿಯಿಂದ ಹೊರಟು, ಮಂಗಳೂರು ಮುಂಬಯಿಗಳನ್ನು ಹಾದು, ತಿರುವನಂತಪುರದ ಒಂದು ಕುಟುಂಬದ ಕೈಗೆ ಸಿಕ್ಕು, ಮೈಸೂರಿಗೂ ಕೊಚ್ಚಿಗೂ ಹಬ್ಬಿದ್ದು. ಉದ್ಯೋಗಕ್ಕೆಂದು ಈ ಎರಡು ಮಲಯಾಳಿ ನಗರಗಳ ನಡುವೆ ಓಡಾಡಿಕೊಂಡಿರುವ ನನ್ನಂಥವರಿಗೆ ಆ ದಾರಿಯ ಮೇಲೆ ಸ್ವಲ್ಪ ಕುತೂಹಲ ಹೆಚ್ಚು. ನಮ್ಮ ಲ್ಯಾಪ್‌ಟಾಪಿನ ವಾಲ್‌ಪೇಪರಿನಲ್ಲೂ ಅದೇ ಊರು ಇರುತ್ತದಲ್ಲ!

ಆ ದಾರಿಯ ಜರ್ಮನ್ ತುದಿಯಲ್ಲಿ ಒಂದು ಚಿತ್ರವನ್ನು ಇಟ್ಟುಕೊಂಡು ಶುರುಮಾಡೋಣ. ಡ್ರೆಸ್ಡನ್ನಿನ ಲುಡ್ವಿಗ್ ರಿಕ್ಟರ್ 1837ರಲ್ಲಿ ಬರೆದ ತೈಲಚಿತ್ರ ಅದು. ಹೆಸರು, ನಮ್ಮ ಮಾತಿನಲ್ಲಿ ಹೇಳುವುದಾದರೆ, ‘ಶ್ರೆಕೆನ್‌ಸ್ಟೈನಿನ ಬಳಿ ಹೊಳೆ ದಾಟುವುದು’. ಸಂಜೆಯ ಹೊತ್ತು. ಎಲ್ಬೆ ನದಿ ಕನ್ನಡಿಯಂತೆ ನಿಂತಿದೆ. ಆಚೆ ಬಂಡೆಯ ನೆತ್ತಿಯ ಮೇಲೆ ಪಾಳುಬಿದ್ದ ಕೋಟೆ. ನದಿಯ ನಡುವೆ ಒಂದು ದೋಣಿ, ದೋಣಿಯಲ್ಲಿ ಕೆಲವು ಜನ. ಹಾರ್ಪ್ ನುಡಿಸುವ ಒಬ್ಬ ಮುದುಕ, ಒಬ್ಬರಿಗೊಬ್ಬರು ಒರಗಿದ ಪ್ರೇಮಿಗಳು, ಎದ್ದು ನಿಂತು ಕೋಟೆಯತ್ತ ಮುಖವೆತ್ತಿದ ಒಬ್ಬ ಯುವಕ, ಒಬ್ಬ ಹುಡುಗ. ಮತ್ತೊಬ್ಬ ಅಂಬಿಗ. ಒಬ್ಬೊಬ್ಬರೂ ಒಂದೊಂದು ವಯಸ್ಸಿನವರು. ಇಡೀ ಬದುಕೇ ಈ ದೋಣಿಯಲ್ಲಿದೆ ಎಂದು ವಿಮರ್ಶಕರು ವಿವರಿಸುತ್ತಾರೆ. ಇರಬಹುದು. ನನಗೆ ಕಾಣುವುದು ಬೇರೆ: ಎಲ್ಲರೂ ಏನನ್ನೋ ಅನುಭವಿಸುತ್ತಿದ್ದಾರೆ, ಕೆಲಸ ಮಾಡುತ್ತಿರುವವನು ಅಂಬಿಗನೊಬ್ಬನೇ.

ರಿಕ್ಟರ್ ತಾಮ್ರದ ತಗಡಿನ ಮೇಲೆ ಚಿತ್ರ ಕೊರೆಯುವವನ ಮಗ. 1803ರಲ್ಲಿ ಹುಟ್ಟಿದವನು. ಆ ಕಾಲದ ಜರ್ಮನ್ ಚಿತ್ರಕಾರರಿಗೆ ಇಟಲಿ ಎಂದರೆ ಕಾಶಿಯಿದ್ದಂತೆ; ಇವನೂ 1823ರಿಂದ 1826ರವರೆಗೆ ರೋಮಿನಲ್ಲಿದ್ದು ಬಂದ. ಊರಿಗೆ ಮರಳಿದ ಮೇಲೆ ಹೊಟ್ಟೆಪಾಡಿಗೆ ಮೈಸನ್ನಿನ ಪಿಂಗಾಣಿ ಕಾರ್ಖಾನೆಯ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾದ. ಅಲ್ಲಿ ಕೂತು ವರ್ಷಗಟ್ಟಲೆ ಇಟಲಿಯನ್ನೇ ಕನವರಿಸಿದ, ಇಟಲಿಯ ಗುಡ್ಡಗಳನ್ನೇ ಮತ್ತೆಮತ್ತೆ ಬರೆದ. 1834ರಲ್ಲಿ ಎಲ್ಬೆಯ ದಡ ಹಿಡಿದು ಬೊಹೀಮಿಯದ ಕಡೆ ನಡೆದುಕೊಂಡು ಹೋದಾಗ ಅವನಿಗೆ ಒಂದು ಹೊಳೆಯಿತು: ದೂರದ ಇಟಲಿಯಲ್ಲಿ ಹುಡುಕುತ್ತಿದ್ದದ್ದು ಇಲ್ಲೇ ಇದೆ. ದೋಣಿಯ ಚಿತ್ರ ಹುಟ್ಟಿದ್ದು ಆ ನಡಿಗೆಯಿಂದ. ಮುಂದೆ ಅವನು ಡ್ರೆಸ್ಡನ್ ಅಕಾಡೆಮಿಯಲ್ಲಿ ಪ್ರಾಧ್ಯಾಪಕನಾದ, ಮರದಚ್ಚಿನ ಪುಸ್ತಕಗಳಿಗೆ ಸಾವಿರಾರು ಚಿತ್ರ ಬರೆದ. ಹಳ್ಳಿಯ ಬಾವಿಕಟ್ಟೆ, ಅಜ್ಜಿಯ ಸುತ್ತ ಮಕ್ಕಳು, ಹೊಸ್ತಿಲ ಮೇಲೆ ಬೆಕ್ಕು. ಜರ್ಮನ್ ಮಧ್ಯಮವರ್ಗದ ಮನೆಗಳಲ್ಲಿ ಅವು ತುಂಬಿಹೋದವು.

ಆದರೆ ಆ ನಿಶ್ಚಲವಾದ ಹೊಳೆಯ ಕಥೆ ಕೇಳಿ. ಇದೇ ಎಲ್ಬೆಯ ಮೇಲೆ ಸ್ಯಾಕ್ಸನಿಯ ಮೊದಲ ಪ್ರಯಾಣಿಕರ ಹೊಗೆದೋಣಿ ಓಡಾಡಲು ಶುರುವಾದದ್ದು 1837ರಲ್ಲಿ, ಅಂದರೆ ರಿಕ್ಟರ್ ಚಿತ್ರ ಮುಗಿಸಿದ ವರ್ಷದಲ್ಲೇ. ಲೈಪ್‌ಜಿಗ್‌ನಿಂದ ಡ್ರೆಸ್ಡನ್ನಿಗೆ ಹಾಕುತ್ತಿದ್ದ, ಜರ್ಮನಿಯ ಮೊದಲ ದೂರದ ರೈಲುದಾರಿಯ ಮೊದಲ ತುಂಡು ತೆರೆದದ್ದೂ ಅದೇ ವರ್ಷ. 1839ರ ಹೊತ್ತಿಗೆ ಪೂರ್ತಿಯಾಯಿತು. ಚಿತ್ರದೊಳಗೆ ಹೊಗೆಯಿಲ್ಲ, ಸಿಳ್ಳೆಯಿಲ್ಲ. ಒಂದು ಮರದ ದೋಣಿ, ಒಂದು ಹಾರ್ಪು. ರಿಕ್ಟರ್ ಬರೆದದ್ದು ಕಣ್ಣೆದುರಿನ ನದಿಯನ್ನಲ್ಲ, ಕೈಬಿಟ್ಟು ಹೋಗುತ್ತಿದ್ದ ನದಿಯನ್ನು.

ಚಿತ್ರಗಳನ್ನು ಕೊಳ್ಳುತ್ತಿದ್ದವರೂ ಹಳ್ಳಿಯವರಲ್ಲ. ಜರ್ಮನ್ ನಗರಗಳಲ್ಲಿ ಆಗ ಕಲಾಸಂಘಗಳು ಹುಟ್ಟಿಕೊಂಡಿದ್ದವು. ವಕೀಲರು, ವ್ಯಾಪಾರಿಗಳು, ಸರಕಾರಿ ನೌಕರರು ವರ್ಷಕ್ಕಿಷ್ಟು ಎಂದು ಚಂದಾ ಕಟ್ಟುವುದು. ಆ ದುಡ್ಡಿನಲ್ಲಿ ಸಂಘ ಚಿತ್ರ ಕೊಂಡು ಚೀಟಿ ಎತ್ತಿ ಸದಸ್ಯರಿಗೆ ಹಂಚುವುದು. ಚೀಟಿ ಬಾರದವರಿಗೆ ಸಮಾಧಾನಕ್ಕೆ ಒಂದು ಅಚ್ಚಿನ ಪ್ರತಿ. ನಮ್ಮ ಚೀಟಿ ವ್ಯವಹಾರದ ಹಾಗೆಯೇ, ಬಹುಮಾನ ಮಾತ್ರ ಒಂದು ಹಳ್ಳಿ. ಡ್ರಾಯಿಂಗ್ ರೂಮಿನಲ್ಲಿ ತೂಗುಹಾಕಲು ಬೇಕಾದ ಅಳತೆಯ ಹಳ್ಳಿ.

ಚೌಕಟ್ಟಿನ ಹೊರಗಿದ್ದ ಹಳ್ಳಿಯ ಸ್ಥಿತಿ ಬೇರೆ ಇತ್ತು. 1815ರಲ್ಲಿ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರ ಧೂಳು ಬಿಸಿಲನ್ನು ಮರೆಮಾಡಿ, ಮುಂದಿನ ವರ್ಷ ಯೂರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. 1816-17ರ ಆ ಬರ ನೈಋತ್ಯ ಜರ್ಮನಿಯ ವ್ಯುರ್ಟೆಂಬರ್ಗನ್ನು ಹಿಂಡಿಹಾಕಿತು. 1840ರ ದಶಕದಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಮತ್ತೆ ಹಸಿವು. 1844ರಲ್ಲಿ ಸೈಲೀಸಿಯಾದ ನೇಕಾರರು ದಂಗೆ ಎದ್ದರು. ಅದೇ ವರ್ಷ ಡ್ಯೂಸೆಲ್‌ಡಾರ್ಫಿನ ಕಾರ್ಲ್ ಹ್ಯೂಬ್ನರ್ ಎಂಬ ಚಿತ್ರಕಾರ, ಬಟ್ಟೆಯ ಸಾಹುಕಾರನೆದುರು ನಿಂತ ನೇಕಾರರ ಚಿತ್ರ ಬರೆದ, ಜನ ಬೆಚ್ಚಿದರು. ಹ್ಯೂಬ್ನರ್‌ನಂಥವರು ಇದ್ದರು, ಆದರೆ ಅಪರೂಪ. ಆ ಶತಮಾನದಲ್ಲಿ ಸುಮಾರು 50 ಲಕ್ಷ ಜರ್ಮನ್ನರು ಊರುಬಿಟ್ಟು ಸಮುದ್ರ ದಾಟಿದರು, ಹೆಚ್ಚಿನವರು ಅಮೆರಿಕಕ್ಕೆ. ಉಳಿದವರಲ್ಲೂ ಎಷ್ಟೋ ಜನ ಹಳ್ಳಿಯಿಂದ ಪೇಟೆಗೆ, ಪೇಟೆಯಿಂದ ಕಾರ್ಖಾನೆಗೆ ಹೋದರು. ಹಳ್ಳಿ ಖಾಲಿಯಾಗುತ್ತ ಹೋದಷ್ಟೂ ಗೋಡೆಯ ಮೇಲಿನ ಹಳ್ಳಿ ಶಾಂತವಾಗುತ್ತ ಹೋಯಿತು.

ಹೀಗೆ ಹೊರಟವರಲ್ಲಿ ಕೆಲವರು ನಮ್ಮ ಕಡೆಗೂ ಬಂದರು. ರಿಕ್ಟರ್ ಎಲ್ಬೆಯ ದಡದಲ್ಲಿ ನಡೆದ 1834ರಲ್ಲೇ ಬಾಸೆಲ್ ಮಿಷನ್ನಿನ ಮೊದಲ ಮೂವರು ಮಂಗಳೂರಿನಲ್ಲಿ ಇಳಿದರು. ಮಿಷನ್ ಸ್ವಿಸ್ ಊರಿನದಾದರೂ ಅದಕ್ಕೆ ಬಂದವರಲ್ಲಿ ಬಹಳ ಜನ ವ್ಯುರ್ಟೆಂಬರ್ಗಿನವರು. ಎರಡು ವರ್ಷದ ಮೇಲೆ ಬಂದ ಹರ್ಮನ್ ಮೋಗ್ಲಿಂಗ್ ಆ ಸೀಮೆಯವರೇ, ಮಲಯಾಳಕ್ಕೆ ನಿಘಂಟು ಕೊಟ್ಟ ಗುಂಡರ್ಟ್ ಕೂಡ. ಅವರು ತಂದ ಸಾಮಾನಿನಲ್ಲಿ ಒಂದು ಕಲ್ಲು ಇತ್ತು. ಅಚ್ಚಿನ ಕಲ್ಲು.

ಕಲ್ಲಚ್ಚು ಜರ್ಮನಿಯ ಬವೇರಿಯಾದಲ್ಲಿ ಹುಟ್ಟಿದ ವಿದ್ಯೆ. 18ನೇ ಶತಮಾನದ ಕೊನೆಯಲ್ಲಿ ಅಲೋಯ್ಸ್ ಸೆನೆಫೆಲ್ಡರ್ ಎಂಬ ನಾಟಕಕಾರ ತನ್ನ ನಾಟಕಗಳನ್ನು ಅಗ್ಗವಾಗಿ ಅಚ್ಚುಹಾಕಿಕೊಳ್ಳುವ ಉಪಾಯ ಹುಡುಕುತ್ತ ಇದನ್ನು ಕಂಡುಹಿಡಿದ. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಎಂಬುದೇ ಇದರ ಗುಟ್ಟು. ನಯಮಾಡಿದ ಸುಣ್ಣದಕಲ್ಲಿನ ಮೇಲೆ ಜಿಡ್ಡಿನ ಸೀಸದಲ್ಲಿ ಬರೆದು, ಕಲ್ಲನ್ನು ಒದ್ದೆಮಾಡಿ, ಮೇಲೆ ಎಣ್ಣೆಮಸಿ ಉರುಳಿಸಿದರೆ ಮಸಿ ಜಿಡ್ಡಿರುವಲ್ಲಿ ಮಾತ್ರ ಹತ್ತುತ್ತದೆ. ಇದಕ್ಕೆ ಹೇಳಿಮಾಡಿಸಿದ ಕಲ್ಲು ಸಿಗುವುದು ಬವೇರಿಯಾದ ಝೋಲ್ನ್‌ಹೋಫನ್ ಗಣಿಗಳಲ್ಲಿ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ 1841ರಲ್ಲಿ ಶುರುವಾದದ್ದು ಕಲ್ಲಚ್ಚಿನಿಂದ. 1843ರ ಜುಲೈ 1ರಂದು ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, ಅಚ್ಚಾದದ್ದು ಕಲ್ಲಿನ ಮೇಲೆಯೇ. ಅಕ್ಷರಕ್ಕೆ ಮೊದಲು ಬಂದ ಆ ವಿದ್ಯೆ ಅರ್ಧ ಶತಮಾನದ ಬಳಿಕ ನಮ್ಮ ದೇವರುಗಳಿಗೂ ಅವರ ಹಿಂದಿನ ಗುಡ್ಡಗಳಿಗೂ ಬಂತು.

ಅದಕ್ಕೆ ಮುಂಚೆ ಕೇರಳದಲ್ಲಿ ನಿಸರ್ಗವನ್ನು ಹೇಗೆ ಬರೆಯುತ್ತಿದ್ದರು? ಕೊಚ್ಚಿಯಲ್ಲಿರುವವರು ಒಂದು ಭಾನುವಾರ ಮಟ್ಟಾಂಚೇರಿಯ ಅರಮನೆಗೆ ಹೋಗಿ ನೋಡಬಹುದು. ಪೋರ್ಚುಗೀಸರು 1555ರ ಸುಮಾರಿಗೆ ಕಟ್ಟಿ ಕೊಚ್ಚಿಯ ರಾಜನಿಗೆ ಕೊಟ್ಟ, ಆಮೇಲೆ ಡಚ್ಚರು ದುರಸ್ತಿಮಾಡಿದ್ದರಿಂದ ಡಚ್ ಅರಮನೆ ಎಂದು ಹೆಸರಾದ ಮನೆ ಅದು. ಒಳಗಿನ ಗೋಡೆಗಳಲ್ಲಿ ಇಡೀ ರಾಮಾಯಣವಿದೆ, ಕೃಷ್ಣ ಗೋವರ್ಧನ ಎತ್ತಿದ್ದಾನೆ, ಗೋಪಿಯರ ನಡುವೆ ಕೂತಿದ್ದಾನೆ. ಮರ, ಬಳ್ಳಿ, ಹಕ್ಕಿ, ಜಿಂಕೆ, ಹಾವು ಎಲ್ಲ ಇವೆ, ಆದರೆ ಅವಕ್ಕೆ ಬಿಡುವಿಲ್ಲ. ಬೆರಳಿಡಲೂ ಖಾಲಿ ಜಾಗವಿಲ್ಲ. ಕೃಷ್ಣನಿಗೆ ಸಂತೋಷವಾದರೆ ಕಾಡಿನ ಪ್ರಾಣಿಗಳೂ ಜೋಡಿಕೂಡುತ್ತವೆ. ನಮ್ಮ ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದ ಛಾವಣಿಯಲ್ಲೂ ಹಾಗೆಯೇ: ಕಥೆ ಇದೆ, ಮೆರವಣಿಗೆ ಇದೆ, ದೂರದಲ್ಲಿ ಮಂಜುಗಟ್ಟಿದ ಗುಡ್ಡ ಇಲ್ಲ. ದೂರ ಎಂಬುದೇ ಇಲ್ಲ. ನಿಂತು ನೋಡಲು ಮಾತ್ರ ಇರುವ ಪ್ರಕೃತಿ ಬೇಕಾದರೆ ನೋಡುವವನು ಅದರಿಂದ ಹೊರಗೆ ನಿಂತಿರಬೇಕು. ಮಟ್ಟಾಂಚೇರಿಯ ಚಿತ್ರಕಾರ ಹೊರಗೆ ನಿಂತವನಲ್ಲ.

ಹೊರಗೆ ನಿಲ್ಲುವುದನ್ನು ಕಲಿಸಿದ್ದು ತಿರುವನಂತಪುರ. ಕಿಳಿಮಾನೂರಿನ ರವಿವರ್ಮ 1862ರಲ್ಲಿ, ಹದಿನಾಲ್ಕರ ಹುಡುಗ, ಆಯಿಲ್ಯಂ ತಿರುನಾಳ್ ಮಹಾರಾಜರ ಆಸ್ಥಾನಕ್ಕೆ ಬಂದದ್ದು, 1868ರಲ್ಲಿ ಅಲ್ಲಿಗೆ ಬಂದ ತಿಯೋಡೋರ್ ಜೆನ್ಸನ್ ಎಂಬ ಯೂರೋಪಿಯನ್ ಚಿತ್ರಕಾರ ಕೆಲಸ ಮಾಡುವುದನ್ನು ಬರೀ ನೋಡಲು ಅನುಮತಿ ಪಡೆದು ಎಣ್ಣೆಬಣ್ಣ ಕಲಿತದ್ದು ಎಲ್ಲರಿಗೂ ಗೊತ್ತಿರುವ ಕಥೆ, ಬಿಡಿ. ಅಷ್ಟಾಗಿ ಗೊತ್ತಿಲ್ಲದ್ದು ತಮ್ಮನ ಕಥೆ. ಸಿ. ರಾಜರಾಜವರ್ಮ, 1860ರಲ್ಲಿ ಹುಟ್ಟಿದವರು, ಅಣ್ಣನಿಗಿಂತ ಹನ್ನೆರಡು ವರ್ಷ ಚಿಕ್ಕವರು. ಅಣ್ಣನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ತಮ್ಮನಿಗೆ ಚೆನ್ನಾಗಿ ಬರುತ್ತಿತ್ತು. ಪತ್ರವ್ಯವಹಾರ, ಲೆಕ್ಕ, ಪ್ರಯಾಣದ ಏರ್ಪಾಡು ಎಲ್ಲ ಅವರದೇ. ಇಂಗ್ಲಿಷಿನಲ್ಲಿ ದಿನಚರಿ ಬರೆಯುತ್ತಿದ್ದರು. 1895ರಿಂದ 1904ರವರೆಗಿನದು ಉಳಿದು ಪುಸ್ತಕವಾಗಿದೆ. ಅಣ್ಣನ ಚಿತ್ರಗಳಲ್ಲಿ ಮುಖ, ಮೈ, ಸೀರೆ ಅಣ್ಣನದು. ಹಿಂದಿನ ಕೊಳ, ಕಾಡು, ಆಕಾಶದಲ್ಲಿ ಬಹಳಷ್ಟು ತಮ್ಮನ ಕೈ.

ಅಣ್ಣ ದೇವತೆಗಳನ್ನು ಬರೆದರೆ ತಮ್ಮನಿಗೆ ಮನಸ್ಸಿದ್ದದ್ದು ನಿಸರ್ಗದೃಶ್ಯದಲ್ಲಿ. ಕೇರಳದ ಅಳಿವೆ, ಹಿನ್ನೀರು, 1901ರಲ್ಲಿ ಅಣ್ಣನ ಜೊತೆ ಉದಯಪುರಕ್ಕೆ ಹೋದಾಗ ಕಂಡ ದಾರಿ, ನೀರು, ಬಿಸಿಲು. ಮದರಾಸು, ಮುಂಬಯಿಗಳ ಕಲಾಪ್ರದರ್ಶನಗಳಲ್ಲಿ ಇವಕ್ಕೆ ಬಹುಮಾನವೂ ಬಂತು. ಕೆಲವು ಚಿತ್ರಗಳನ್ನು ತಿರುವನಂತಪುರದ ಮ್ಯೂಸಿಯಂ ಆವರಣದಲ್ಲಿ, 1935ರಲ್ಲಿ ತೆರೆದ ಶ್ರೀ ಚಿತ್ರಾ ಆರ್ಟ್ ಗ್ಯಾಲರಿಯ ಸಂಗ್ರಹದಲ್ಲಿ ಕಾಣಬಹುದು. 2023ರಲ್ಲಿ ಅದೇ ಆವರಣದಲ್ಲಿ ರವಿವರ್ಮರ ಹೆಸರಿನದೇ ಹೊಸ ಗ್ಯಾಲರಿ ಆಗಿದೆ. ಜನ ಸಾಲುಗಟ್ಟಿ ನಿಲ್ಲುವುದು ಅಣ್ಣನ ಹೆಂಗಸರ ಮುಂದೆ. ತಮ್ಮನ ಗುಡ್ಡ, ನೀರುಗಳ ಮುಂದೆ ನೀವು ಒಬ್ಬರೇ ಆರಾಮವಾಗಿ ನಿಲ್ಲಬಹುದು. ನನ್ನ ಮಟ್ಟಿಗೆ ಇವರಿಬ್ಬರಲ್ಲಿ ಬೆಳಕನ್ನು ಹೆಚ್ಚು ಗಮನವಿಟ್ಟು ನೋಡಿದವರು ತಮ್ಮನೇ. ಇನ್ನೊಂದು ಮಾತು: ಈ ಅಣ್ಣತಮ್ಮಂದಿರು ಆಗಿನ ಕಾಲದ ಮಹಾ ಅಲೆಮಾರಿ ಉದ್ಯೋಗಿಗಳು. ಬರೋಡ, ಮೈಸೂರು, ಮುಂಬಯಿ, ಉದಯಪುರ ಎಂದು ಕೆಲಸ ಕರೆದಲ್ಲಿಗೆ ಹೋಗಿ, ಬಾಡಿಗೆ ಮನೆ ಹಿಡಿದು, ಊರಿಗೆ ಕಾಗದ ಬರೆಯುತ್ತಿದ್ದವರು. ಊರಿನ ಹಿನ್ನೀರು ಅಷ್ಟು ಶಾಂತವಾಗಿ ಕಾಣಲು ಆ ದೂರವೂ ಕಾರಣವಿರಬೇಕು.

1894ರಲ್ಲಿ ಮುಂಬಯಿಯ ಗಿರಗಾಂವಿನಲ್ಲಿ ರವಿವರ್ಮ ಪ್ರೆಸ್ ಶುರುವಾಯಿತು. ಯಂತ್ರ ಜರ್ಮನಿಯದು, ಕಲ್ಲು ಜರ್ಮನಿಯದು, ಕೆಲಸ ಬಲ್ಲವರೂ ಜರ್ಮನ್ನರು. ಅವರಲ್ಲಿ ಮುಖ್ಯನಾದವನು ಫ್ರಿಟ್ಸ್ ಶ್ಲೈಷರ್. ಬಣ್ಣದ ಕಲ್ಲಚ್ಚು ಸಹನೆಯ ಕೆಲಸ. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಮೂಲಚಿತ್ರವನ್ನು ನೋಡಿ, ಇದರಲ್ಲಿ ಹಳದಿ ಎಲ್ಲೆಲ್ಲಿದೆ, ನೀಲಿ ಎಲ್ಲೆಲ್ಲಿ ಎಂದು ಕಣ್ಣಳತೆಯಲ್ಲಿ ಒಡೆದು, ಎಡಬಲ ಅದಲುಬದಲಾಗಿ ಕಲ್ಲಿನ ಮೇಲೆ ಬರೆಯಬೇಕು. ಅದೇ ಹಾಳೆಯನ್ನು ಹತ್ತಾರು ಸಲ, ಕೂದಲೆಳೆಯಷ್ಟೂ ಸರಿಯದಂತೆ, ಕಲ್ಲಿನಿಂದ ಕಲ್ಲಿಗೆ ಹಾಯಿಸಬೇಕು. ಕೊನೆಗೆ ಎಣ್ಣೆಚಿತ್ರದ ಹೊಳಪು ಬರುವಂತೆ ವಾರ್ನಿಷ್. ಮೊದಲು ಹೊರಬಂದದ್ದು ಶಕುಂತಳೆಯ ಜನನ. ಆಮೇಲೆ ಲಕ್ಷ್ಮಿ, ಸರಸ್ವತಿ ಎಲ್ಲರೂ ಬಂದರು. 1896ರಿಂದ ಮುಂಬಯಿಯಲ್ಲಿ ಪ್ಲೇಗು, ಕೆಲಸಗಾರರು ಊರಿಗೆ ಓಡತೊಡಗಿದರು. 1899ರಲ್ಲಿ ಪ್ರೆಸ್ಸು ಲೋನಾವಳದ ಬಳಿಯ ಮಳವಲಿಗೆ ಹೋಯಿತು. ಸಾಲದ ಹೊರೆ ತಾಳದೆ ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಅಣ್ಣತಮ್ಮಂದಿರು ಅದನ್ನು ಶ್ಲೈಷರ್‌ಗೇ ಮಾರಿದರು. ಅಂದರೆ ನಮ್ಮ ಅಜ್ಜಿಯರು ಕುಂಕುಮ ಹಚ್ಚಿದ ಎಷ್ಟೋ ಲಕ್ಷ್ಮಿಯರು ಒಬ್ಬ ಜರ್ಮನ್ನನ ಕಾರ್ಖಾನೆಯ ಸರಕು.

ಆ ಲಕ್ಷ್ಮಿಯ ಮುಖ ಎಲ್ಲರೂ ನೋಡಿರುತ್ತೀರಿ. ಇನ್ನೊಮ್ಮೆ ಸಿಕ್ಕಾಗ ಅವಳ ಹಿಂದೆ ನೋಡಿ. ತಾವರೆ ಕೊಳ, ಆಚೆ ದಡದ ಮರಗಳು, ಅದರಾಚೆ ಮಸುಕು. ಗರ್ಭಗುಡಿಯ ಕತ್ತಲೆಯಲ್ಲಿದ್ದ ದೇವತೆ ಮೊದಲ ಸಲ ಬಯಲಿಗೆ ಬಂದು ಹೊಳೆದಡದಲ್ಲಿ ನಿಂತಿದ್ದಾಳೆ. ಮುಂದೆ ಯೂರೋಪಿನಲ್ಲೇ ಅಚ್ಚಾಗಿ, ಮೂಲೆಯಲ್ಲಿ ‘ಮೇಡ್ ಇನ್ ಜರ್ಮನಿ’ ಎಂದು ಬರೆಸಿಕೊಂಡು ಹಡಗಿನಲ್ಲಿ ಬಂದ ದೇವರ ಪಟಗಳೂ ಇದ್ದವು. (ಆ ಮೂರು ಪದಗಳನ್ನು 1887ರಲ್ಲಿ ಕಡ್ಡಾಯ ಮಾಡಿದ್ದು ಬ್ರಿಟಿಷರು, ಕಳಪೆ ಮಾಲು ಎಂದು ಗಿರಾಕಿಗೆ ಗೊತ್ತಾಗಲಿ ಅಂತ. ಕೊನೆಗೆ ಅದೇ ಗುಣಮಟ್ಟದ ಗುರುತಾಯಿತು.) ಶಿವಕಾಶಿಯ ಕ್ಯಾಲೆಂಡರಿನ ಕಾಲಕ್ಕೆ ಹಿನ್ನೆಲೆ ಪೂರ್ತಿ ಸ್ವತಂತ್ರವಾಗಿಬಿಟ್ಟಿತ್ತು: ದೇವರು ಹೋಗಿ, ಹಿಮದ ಗುಡ್ಡ, ಮರದ ಮನೆ, ಸರೋವರ ಮಾತ್ರ ಉಳಿದವು. ಕಿರಾಣಿ ಅಂಗಡಿಯ ಗೋಡೆಯ ಮೇಲೆ ಆಲ್ಪ್ಸ್ ಪರ್ವತ. ಅದನ್ನೇ ನಾವು ಸೀನರಿ ಎಂದು ಕರೆದದ್ದು.

ಮೈಸೂರಿನ ಮಾತನ್ನೂ ಇಲ್ಲೇ ಮುಗಿಸುತ್ತೇನೆ. 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ರಾಮಾಯಣ, ಮಹಾಭಾರತಗಳ ಒಂಬತ್ತು ಚಿತ್ರಗಳನ್ನು ರವಿವರ್ಮರಿಗೆ ಒಪ್ಪಿಸಿದರು. ಆ ಕೆಲಸದ ಶುರುವಿನಲ್ಲೇ, 1905ರ ಜನವರಿಯಲ್ಲಿ, ತಮ್ಮ ತೀರಿಕೊಂಡರು. ಅವರಿಗಿನ್ನೂ 45 ತುಂಬಿರಲಿಲ್ಲ. ಅಣ್ಣ ಹೇಗೋ ಚಿತ್ರಗಳನ್ನು ಮುಗಿಸಿ 1906ರ ಅಕ್ಟೋಬರಿನಲ್ಲಿ ಹೋದರು. ಮುಂದೆ ಜಗನ್ಮೋಹನ ಅರಮನೆಯಲ್ಲಿ 1924ರಲ್ಲಿ ಚಿತ್ರಶಾಲೆಯನ್ನು ಜೋಡಿಸಿಕೊಟ್ಟವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ಹನ್ನೊಂದು ವರ್ಷದ ಮೇಲೆ ತಿರುವನಂತಪುರದ ಶ್ರೀ ಚಿತ್ರಾ ಗ್ಯಾಲರಿಯ ಹಿಂದೆ ಇದ್ದವರೂ ಅವರೇ. ಹಾಗಾಗಿ ಎರಡೂ ಕಡೆ ಒಳಹೊಕ್ಕರೆ ಒಂದೇ ಮನೆತನದ ಎರಡು ಮನೆಗಳಿಗೆ ಹೋದಂತೆ ಅನಿಸಿದರೆ ಆಶ್ಚರ್ಯವಿಲ್ಲ.

ತಿರುವನಂತಪುರದ ಮ್ಯೂಸಿಯಂ ಗೇಟಿನಿಂದ ಹೊರಬಂದು ವೆಳ್ಳಯಂಬಲದ ಕಡೆ ಒಂದು ಕಿಲೋಮೀಟರಿನಷ್ಟು ನಡೆದರೆ ವೃತ್ತದಲ್ಲಿ ಪೇಟ ಕಟ್ಟಿದ ಒಬ್ಬರ ಪ್ರತಿಮೆ ಇದೆ. ಅಯ್ಯಂಕಾಳಿ. ವೆಂಙಾನೂರಿನ ಪುಲಯ ಕುಟುಂಬದಲ್ಲಿ 1863ರಲ್ಲಿ ಹುಟ್ಟಿದವರು, ಅಂದರೆ ರಾಜರಾಜವರ್ಮರಿಗಿಂತ ಮೂರೇ ವರ್ಷ ಚಿಕ್ಕವರು. ಇಬ್ಬರೂ ಒಂದೇ ಸೀಮೆಯ ಬಯಲು, ಗದ್ದೆ, ದಾರಿಗಳನ್ನು ನೋಡುತ್ತ ಬೆಳೆದವರು. ಕೊಚ್ಚಿಯಲ್ಲಿ 1854ರಲ್ಲಿ, ತಿರುವಾಂಕೂರಿನಲ್ಲಿ 1855ರಲ್ಲಿ ಜೀತದ ಗುಲಾಮಗಿರಿಯನ್ನು ಕಾಗದದ ಮೇಲೆ ರದ್ದುಮಾಡಲಾಗಿತ್ತು. ಆದರೂ ದಾರಿಯಲ್ಲಿ ನಡೆಯುವ ಹಕ್ಕು ಪುಲಯರಿಗೆ ಇರಲಿಲ್ಲ. 1893ರಲ್ಲಿ ಅಯ್ಯಂಕಾಳಿ ಒಂದು ಎತ್ತಿನಗಾಡಿ ಕೊಂಡು, ಒಳ್ಳೆಯ ಬಟ್ಟೆ ಉಟ್ಟು, ಪೇಟ ಸುತ್ತಿ, ಎತ್ತುಗಳ ಗಂಟೆ ಕುಲುಕಿಸುತ್ತ ಸಾರ್ವಜನಿಕ ರಸ್ತೆಯಲ್ಲಿ ಹೊರಟರು. ಮರಗಳ ನಡುವೆ ಒಂದು ದಾರಿ, ದಾರಿಯಲ್ಲೊಂದು ಎತ್ತಿನಗಾಡಿ: ನಿಸರ್ಗಚಿತ್ರಕ್ಕೆ ಇದಕ್ಕಿಂತ ಸಾಮಾನ್ಯ ವಸ್ತು ಯಾವುದಿದೆ? ತಿರುವಾಂಕೂರಿನಲ್ಲಿ ಅದು ಹೊಡೆದಾಟಕ್ಕೆ ಕಾರಣವಾಯಿತು.

ಇನ್ನೂ ಹದಿನಾಲ್ಕು ಹದಿನೈದು ವರ್ಷಗಳ ಮೇಲೆ, ದಲಿತ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳದಿದ್ದಾಗ, ಅಯ್ಯಂಕಾಳಿಯವರ ಮಾತಿನಂತೆ ಕೂಲಿಗಳು ಗದ್ದೆಗೆ ಇಳಿಯುವುದನ್ನೇ ನಿಲ್ಲಿಸಿದರು. ಗದ್ದೆಯ ಹಸಿರು ಎಂಬುದು ತಾನಾಗಿ ಇರುವುದಲ್ಲ, ಬೆನ್ನು ಬಗ್ಗಿಸಿ ಯಾರೋ ಇಟ್ಟುಕೊಂಡದ್ದು ಎಂದು ಒಡೆಯರಿಗೆ ಆಗ ಕಂಡಿತು, ಕಳೆ ಬೆಳೆಯಿತು. ರಾಜರಾಜವರ್ಮರ ಚಿತ್ರಗಳಲ್ಲಿ ಸುಳ್ಳಿದೆ ಎಂದು ನಾನು ಹೇಳುತ್ತಿಲ್ಲ. ಅವರ ಬೆಳಕು ನಿಜ, ನೀರು ನಿಜ. ಅರಮನೆಯ ಸಂಬಂಧದ ಮನೆಯವರಿಗೆ ದಾರಿ ಒಂದು ನೋಟ. ವೆಂಙಾನೂರಿನವರಿಗೆ ಅದೇ ದಾರಿ ಒಂದು ಬೇಲಿ. ಶಾಂತಿ ಯಾರ ಪಾಲಿಗೆ ಎಂಬುದು ಬಣ್ಣದಲ್ಲಿ ಕಾಣುವುದಿಲ್ಲ.

ಸೀನರಿಯ ಕೆಂಪು ಮಾಡಿನದೂ ಇಂಥದೇ ಕಥೆ. ಅಚ್ಚುಕೂಟದ ಕೆಲಸಕ್ಕೆಂದು ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಗಿಯೋರ್ಗ್ ಪ್ಲೆಬ್ಸ್ಟ್ ನೇತ್ರಾವತಿಯ ಜೇಡಿಮಣ್ಣು ನೋಡಿ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆಗೆದರು. ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಆ ಚಪ್ಪಟೆ ಹೆಂಚು ಮಂಗಳೂರು ಹೆಂಚು ಎಂದೇ ಹೆಸರಾಗಿ ಹಡಗು, ಪತ್ತೆಮಾರಿಗಳಲ್ಲಿ ಕರಾವಳಿಯುದ್ದಕ್ಕೂ ಹೋಯಿತು. 1873ರಲ್ಲಿ ಕೋಝಿಕೋಡಿನಲ್ಲೂ ಮಿಷನ್ನಿನ ಕಾರ್ಖಾನೆ ಬಂತು. ಅದಕ್ಕೆ ಮುಂಚೆ ಬಹುಪಾಲು ಜನರ ತಲೆಯ ಮೇಲಿದ್ದದ್ದು ಮುಳಿಹುಲ್ಲು, ಹೆಣೆದ ಮಡಲು. ಕೆಳಜಾತಿಯವರು ಹೆಂಚು ಹೊದಿಸುವುದಕ್ಕೆ ತಿರುವಾಂಕೂರಿನಲ್ಲಿ ಕಟ್ಟುಪಾಡಿತ್ತು. ಇಂದು ‘ಸಾಂಪ್ರದಾಯಿಕ ಕೇರಳ ಮನೆ’ ಎಂದು ಹೋಮ್‌ಸ್ಟೇ ಜಾಹೀರಾತಿನಲ್ಲಿ ಕಾಣುವ ಕೆಂಪು ಮಾಡಿನಲ್ಲಿ ಒಬ್ಬ ಜರ್ಮನ್ ಅಚ್ಚುಗಾರನ ಕೈ ಇದೆ. ಅದರ ಕೆಳಗೆ ಕೂರುವ ಅನುಮತಿಗೆ ಎಷ್ಟೋ ಜನ ಕಾಯಬೇಕಾಗಿತ್ತು.

ಜರ್ಮನಿಯಲ್ಲಿ ಈ ಶಾಂತ ಹಳ್ಳಿಗೆ ಆದ ಗತಿ ಇನ್ನೂ ಕೆಟ್ಟದ್ದು. ಹೈಮಾಟ್ ಎಂದು ಅವರ ಮಾತು. ತವರು, ಹುಟ್ಟೂರು, ಸೀಮೆ ಎಲ್ಲ ಸೇರಿದ ಪದ. ರಿಕ್ಟರ್‌ನ ಕಾಲದಲ್ಲಿ ಅದು ಒಂದು ಹಂಬಲವಾಗಿತ್ತು. 1930ರ ದಶಕದಲ್ಲಿ ನಾತ್ಸಿಗಳು ಅದನ್ನು ರಕ್ತ ಮತ್ತು ಮಣ್ಣು ಎಂಬ ಘೋಷಣೆಗೆ ಕಟ್ಟಿದರು. 19ನೇ ಶತಮಾನದ ಹಳ್ಳಿಯ ಚಿತ್ರಗಳು ಪಕ್ಷದ ಪ್ರಿಯ ಚಿತ್ರಗಳಾದವು. ಈ ಊರು ನಮ್ಮದು, ನಿಮ್ಮದಲ್ಲ ಎಂದು ಹೇಳುವ ಕಾಗದಪತ್ರದ ಹಾಗೆ ಬಳಕೆಯಾದವು. ಆ ಚಿತ್ರಕಾರರ ತಪ್ಪಲ್ಲ ಅದು. ಆದರೆ ಚಿತ್ರದೊಳಗೆ ಯಾರನ್ನೂ ಸೇರಿಸದೆ ಬಿಟ್ಟ ಜಾಗದಲ್ಲಿ ಯಾರು ಬೇಕಾದರೂ ಬಂದು ತಮ್ಮ ಹೆಸರು ಬರೆದುಕೊಳ್ಳಬಹುದು. ಬಾಡಿಗೆ ಮನೆ ಹುಡುಕುವಾಗ ‘ಹೊರಗಿನವರಾ?’ ಎಂಬ ಪ್ರಶ್ನೆ ಕೇಳಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡದಲ್ಲೂ ಊರುಬಿಟ್ಟವರೇ ಊರಿನ ಚಿತ್ರ ಬರೆದವರು. ಕುವೆಂಪು ಕುಪ್ಪಳಿ ಬಿಟ್ಟು ಮೈಸೂರಿನಲ್ಲಿ ನೆಲೆಸಿ 1933ರಲ್ಲಿ ತಂದ ಪುಸ್ತಕದ ಹೆಸರೇ ‘ಮಲೆನಾಡಿನ ಚಿತ್ರಗಳು’. ಪೇಟೆಯಲ್ಲಿ ಕೂತ ಹುಡುಗನ ಹಂಬಲ ಅದರಲ್ಲಿ ತುಂಬಿದೆ. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. 1967ರ ‘ಮಲೆಗಳಲ್ಲಿ ಮದುಮಗಳು’ ಹೊತ್ತಿಗೆ ಅದೇ ಕಾಡು, ಅದೇ ಮಳೆ. ನಡುವೆ ಗುತ್ತಿ ತನ್ನ ನಾಯಿಯ ಜೊತೆ ನಡೆದು ಹೋಗುತ್ತಿದ್ದಾನೆ, ಜೀತದ ಆಳುಗಳು, ಹೊಲೆಯರ ಕೇರಿ, ಹೆಗ್ಗಡೆಗಳ ಉಪ್ಪರಿಗೆ ಎಲ್ಲ ಒಂದೇ ಮಳೆಯಲ್ಲಿ ನೆನೆಯುತ್ತಿವೆ. ಕಾಡಿನ ಸೊಬಗು ಒಂದಿಷ್ಟೂ ಕಡಿಮೆಯಾಗಿಲ್ಲ. ಜನ ಒಳಗೆ ಬಂದರೆ ಸೀನರಿ ಕೆಡುತ್ತದೆ ಎಂಬ ಭಯಕ್ಕೆ ನನಗೆ ತಿಳಿದ ಒಳ್ಳೆಯ ಉತ್ತರ ಇದು.

ಈಗ ಕೊಚ್ಚಿಗೆ. 1989ರಲ್ಲಿ ಕೇರಳ ಪ್ರವಾಸೋದ್ಯಮಕ್ಕೆ ‘ದೇವರ ಸ್ವಂತ ನಾಡು’ ಎಂಬ ಘೋಷವಾಕ್ಯ ಬಂದ ಮೇಲೆ ವಿಮಾನನಿಲ್ದಾಣದಿಂದ ಬಸ್‌ಸ್ಟ್ಯಾಂಡಿನವರೆಗೆ ಎಲ್ಲ ಕಡೆ ಒಂದೇ ಚಿತ್ರ: ನಿಶ್ಚಲ ಹಿನ್ನೀರು, ಬಾಗಿದ ತೆಂಗು, ನಡುವೆ ಬಿದಿರಿನ ಮಾಡಿನ ಒಂದು ದೋಣಿ. ರಿಕ್ಟರ್ ನೋಡಿದ್ದರೆ ತಲೆದೂಗುತ್ತಿದ್ದ. ಆ ದೋಣಿ ಕೆಟ್ಟುವಳ್ಳಂ. ಮೊಳೆ ಹೊಡೆಯದೆ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು ಕಟ್ಟುವ ಸರಕುದೋಣಿ. ಕುಟ್ಟನಾಡಿನ ಭತ್ತವನ್ನು ಕೊಚ್ಚಿಯ ಬಂದರಿಗೆ ಮುಟ್ಟಿಸುತ್ತಿದ್ದದ್ದು ಇವು. ರೈಲು ಬರುವ ಮುಂಚೆ ತಿರುವನಂತಪುರದಿಂದ ಬಡಗಣಕ್ಕೆ ಹೋಗುವ ಹೆದ್ದಾರಿಯೇ ನೀರು. ವರ್ಕಲದ ಗುಡ್ಡ ಅಡ್ಡಬಂತೆಂದು ಅದರೊಳಗೆ ಸುರಂಗ ಕೊರೆದು ಕಾಲುವೆ ಹರಿಸಿದ್ದರು. ಎರ್ನಾಕುಳಂಗೆ ರೈಲು ಬಂದದ್ದು 1902ರಲ್ಲಿ. ಅಲ್ಲಿಯತನಕ ರಾಜರಾಜವರ್ಮರಂಥವರು ಊರಿನಿಂದ ಹೊರಟರೆ ದೋಣಿಯಲ್ಲಿ ಮಲಗಿ, ಎದ್ದು, ದಡ ನೋಡುತ್ತ ಹೋಗಬೇಕು. ದಡ ತಾನಾಗಿ ಸರಿಯುತ್ತಿರಲಿಲ್ಲ. ಉದ್ದ ಬಿದಿರಗಳೆಯನ್ನು ಕೆಸರಿಗೆ ಊರಿ, ಎದೆಕೊಟ್ಟು ನೂಕುತ್ತ, ದೋಣಿಯಂಚಿನಲ್ಲಿ ಮುಂದಿನಿಂದ ಹಿಂದಕ್ಕೆ ರಾತ್ರಿಯಿಡೀ ನಡೆಯುವ ಜನ ಇರುತ್ತಿದ್ದರು.

ಲಾರಿ, ರಸ್ತೆ, ಸೇತುವೆ ಬಂದ ಮೇಲೆ ಕೆಟ್ಟುವಳ್ಳಂಗಳಿಗೆ ಕೆಲಸ ಹೋಯಿತು. 1990ರ ದಶಕದ ಆರಂಭದಲ್ಲಿ ಅವನ್ನು ಹೌಸ್‌ಬೋಟುಗಳಾಗಿ ಮಾಡಿದರು: ಭತ್ತ ತುಂಬುತ್ತಿದ್ದಲ್ಲಿ ಮಲಗುವ ಕೋಣೆ, ಎ.ಸಿ., ಮುಂದೆ ಕೂತು ನೋಡಲು ಕುರ್ಚಿ. ಬಿದಿರಗಳೆ ಊರುವವರ ಬದಲು ಡೀಸೆಲ್ ಎಂಜಿನ್ನು. ಆಲಪ್ಪುಝದ ಕಟ್ಟೆಯಲ್ಲಿ ಸಾಲಾಗಿ ನಿಂತ ಆ ಹೌಸ್‌ಬೋಟುಗಳ ಪಕ್ಕದಲ್ಲೇ ಸರಕಾರದ ಜಲಸಾರಿಗೆಯ ಪ್ರಯಾಣಿಕರ ದೋಣಿಯೂ ಸಿಗುತ್ತದೆ. ಟಿಕೆಟ್ಟು ಬಸ್ಸಿಗಿಂತ ಹೆಚ್ಚಿಲ್ಲ. ಶಾಲೆಯ ಹುಡುಗಿಯರು, ಮೀನಿನ ಬುಟ್ಟಿ, ಸಿಮೆಂಟಿನ ಮೂಟೆ, ಗದ್ದೆ ಕೆಲಸ ಮುಗಿಸಿ ಬರುವ ಹೆಂಗಸರು, ಫೋನಿನಲ್ಲಿ ಬಂಗಾಳಿ ಮಾತಾಡುತ್ತಿರುವ ಇಬ್ಬರು ಹುಡುಗರು. ದಡಕ್ಕೆ ಬಂದಾಗ ಒಬ್ಬ ಹಗ್ಗ ಹಿಡಿದು ಕಟ್ಟೆಗೆ ಹಾರುತ್ತಾನೆ, ಗೂಟಕ್ಕೆ ಎರಡು ಸುತ್ತು ಹಾಕಿ ಹಿಡಿದು ನಿಲ್ಲುತ್ತಾನೆ, ಎಲ್ಲರೂ ಇಳಿಯುವವರೆಗೆ.